ಊಟಕ್ಕೆಂದು ಕೊಲ್ಲಬಹುದೇ?

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದ ವಾರ ಇಬ್ಬರ ಮುಂದೆ ಈ ಪ್ರಶ್ನೆ ಇಟ್ಟೆವು. ಪರವಾಗಿ ಬರೆದವರು ಹುಟ್ಟಾ ಸಸ್ಯಾಹಾರಿ. ವಿರೋಧವಾಗಿ ಬರೆದವರು ವರ್ಷಗಟ್ಟಲೆ ಹಂದಿ ಸಾಕಿದವರು. ಅಚ್ಚಿನಲ್ಲಿ ಅದಲುಬದಲಾಗಿಲ್ಲ.

ಪರ
(ಲೇಖಕರು ನಿವೃತ್ತ ಮುಖ್ಯೋಪಾಧ್ಯಾಯರು, ಕುಶಾಲನಗರ)

ಸಂಪಾದಕರು ಫೋನ್ ಮಾಡಿ "ಮೇಷ್ಟ್ರೇ, ಮಾಂಸಾಹಾರದ ಪರ ನೀವು ಬರೆಯಬೇಕು" ಎಂದಾಗ ತಪ್ಪು ನಂಬರಿಗೆ ಮಾಡಿದ್ದಾರೆ ಅಂದುಕೊಂಡೆ. ನಾನು ಈವರೆಗೆ ಮಾಂಸದ ರುಚಿ ನೋಡಿದವನಲ್ಲ. "ವಿರೋಧಕ್ಕೆ ಆಗಲೇ ಒಬ್ಬರು ಸಿಕ್ಕಿದ್ದಾರೆ. ತಿನ್ನುವವರು ಯಾರನ್ನು ಕೇಳಿದರೂ ಹಬ್ಬದ ಗಡಿಬಿಡಿ ಅಂತಾರೆ" ಎಂದರು. ಹೀಗೆ ತಿನ್ನುವ ಕೆಲಸ ಅವರಿಗೂ ವಾದಿಸುವ ಕೆಲಸ ನನಗೂ ಬಿತ್ತು.

ನಾನು ಸಸ್ಯಾಹಾರಿಯಾದದ್ದು ಯೋಚಿಸಿ ಅಲ್ಲ. ಅಪ್ಪ ತಿನ್ನುತ್ತಿರಲಿಲ್ಲ, ಅಜ್ಜ ತಿನ್ನುತ್ತಿರಲಿಲ್ಲ. ಗೋತ್ರ, ಮನೆತನದ ಹೆಸರಿನ ಜೊತೆ ಇದೂ ಬಂತು. ಅದರಲ್ಲಿ ನನ್ನ ಕರುಣೆಯ ಪಾಲು ಸೊನ್ನೆ. ಆದರೆ ಬಾಡಿಗೆ ಮನೆ ಹುಡುಕುವಾಗ ಈ ಸೊನ್ನೆಗೆ ಎಷ್ಟು ಬೆಲೆ ಅನ್ನುತ್ತೀರಿ! 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡಿದ್ದ ಮನೆ ಮೂರು ಊರಿನಲ್ಲಿ ನನಗೆ ಕೇಳಿದ ಕೂಡಲೇ ಸಿಕ್ಕಿತು. ನನ್ನ ಜೊತೆಗೇ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರು ಎರಡು ತಿಂಗಳು ಲಾಡ್ಜಿನಲ್ಲಿದ್ದರು. ಆ ಬೋರ್ಡು ಹಾಕಿದವರಿಗೆ ಕೋಳಿಯ ಮೇಲೆ ಪ್ರೀತಿ ಉಕ್ಕಿತ್ತೆಂದು ನಾನು ನಂಬುವುದಿಲ್ಲ. ನಮ್ಮಲ್ಲಿ ಆಹಾರದ ನೀತಿ ಎನ್ನುವುದು ಮುಕ್ಕಾಲುಪಾಲು ಜಾತಿಯ ಮಾತು. ಈ ಒಂದು ಕಾರಣಕ್ಕೇ ನಾನು ತಿನ್ನುವವರ ಪಕ್ಷ ವಹಿಸಬಲ್ಲೆ, ವಹಿಸುತ್ತೇನೆ.

ಇನ್ನು ಹಾಲು. ಬೆಳಿಗ್ಗೆ ಆರಕ್ಕೆ ನನಗೆ ಕಾಫಿ ಬೇಕು, ಗಟ್ಟಿ ಹಾಲಿನದ್ದು. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹಾಕಿದ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಉಳುಮೆ ಟಿಲ್ಲರಿಗೆ ಹೋದ ಮೇಲೆ ಮಿಶ್ರತಳಿಯ ಗಂಡುಕರುವನ್ನು ಸೋಮವಾರಪೇಟೆ ಕಡೆಯ ಯಾವ ರೈತ ಸಾಕುತ್ತಾನೆ? 2020ರ ಗೋಹತ್ಯೆ ನಿಷೇಧ ಕಾನೂನಿನ ನಂತರ ಕಸಾಯಿಗೆ ಮಾರುವಂತೆಯೂ ಇಲ್ಲ. ಆ ಕರು ಎಲ್ಲಿಗೆ ಹೋಯಿತೆಂದು ನಾನು ಕೇಳುವುದಿಲ್ಲ, ಹಾಲು ಹಾಕುವ ಹುಡುಗ ಹೇಳುವುದೂ ಇಲ್ಲ. ಅನ್ನದ ಕಥೆಯೂ ಅಷ್ಟೇ. ಗದ್ದೆಯಲ್ಲಿ ಇಲಿ, ಏಡಿ, ಹುಳು ಸಾಯದೆ ಭತ್ತ ಮನೆಗೆ ಬರುವುದಿಲ್ಲ. ಕಾಂಡಕೊರಕ ಹುಳಕ್ಕೆ ಔಷಧಿ ಹೊಡೆಯದ ಅರೇಬಿಕಾ ಕಾಫಿ ತೋಟ ಎಷ್ಟಿದೆ? ಹಾಗಾದರೆ ತಿನ್ನುವವನಿಗೂ ನನಗೂ ಇರುವ ಅಂತರ ಎಷ್ಟು? ಅವನ ತಟ್ಟೆಯಲ್ಲಿ ಕಾಣುತ್ತದೆ, ನನ್ನದರಲ್ಲಿ ಕಾಣುವುದಿಲ್ಲ.

ಇದಕ್ಕೂ ಉತ್ತರವಿದೆ ಎನ್ನುತ್ತಾರೆ ವೀಗನ್ನರು. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಕಟ್ಟಿದ ಪದ ಅದು. ಹಾಲು, ತುಪ್ಪ, ಜೇನು ಯಾವುದೂ ಕೂಡದು. ನಮ್ಮ ಪಕ್ಕದ ಹೋಮ್‌ಸ್ಟೇಗೆ ಬೆಂಗಳೂರಿನಿಂದ ಅಂಥ ಒಂದು ಜೋಡಿ ಬಂದಿತ್ತು. ನಮ್ಮ ಜೇನು ಬೇಡ, ತುಪ್ಪ ಬೇಡ, ಬಾದಾಮಿ ಹಾಲು ಬೇಕು. ಬಾದಾಮಿ ಹೆಚ್ಚಾಗಿ ಬರುವುದು ಕ್ಯಾಲಿಫೋರ್ನಿಯಾದಿಂದ. ಅಲ್ಲಿ ಪರಾಗಸ್ಪರ್ಶಕ್ಕೆಂದು ಜೇನುಪೆಟ್ಟಿಗೆಗಳನ್ನು ಲಾರಿಗಟ್ಟಲೆ ಹೇರಿಕೊಂಡು ಬರುತ್ತಾರೆ. ಜೇನು ಬೇಡವೆಂದವರಿಗೆ ಜೇನ್ನೊಣದ ಕೂಲಿ ಆಗುತ್ತದೆ! ಎಲ್ಲ ವೀಗನ್ನರೂ ಹೀಗೆಯೇ ಎಂದು ಹೇಳಲಾರೆ. ನಾನು ನೋಡಿದ್ದು ಇವರಿಬ್ಬರನ್ನೇ.

ಕುಶಾಲನಗರದಿಂದ ಹೊಳೆ ದಾಟಿದರೆ ಬೈಲುಕುಪ್ಪೆ. 1961ರಲ್ಲಿ ನೆಲೆಯೂರಿದ ಟಿಬೆಟಿಯನ್ನರು ಅಹಿಂಸೆಯ ಬುದ್ಧನನ್ನೂ ಪೂಜಿಸುತ್ತಾರೆ, ಮಾಂಸದ ಮೊಮೊವನ್ನೂ ತಿನ್ನುತ್ತಾರೆ. ತನಗಾಗಿ ಕೊಂದದ್ದೆಂದು ಕಾಣದಿದ್ದರೆ, ಕೇಳದಿದ್ದರೆ, ಸಂಶಯವೂ ಇಲ್ಲದಿದ್ದರೆ ಭಿಕ್ಷು ಸ್ವೀಕರಿಸಬಹುದೆಂದು ಬೌದ್ಧರ ವಿನಯದಲ್ಲಿ, ಅಂದರೆ ಭಿಕ್ಷುಗಳ ನಡತೆಯ ಕಟ್ಟಳೆಯಲ್ಲಿ, ನಿಯಮವೇ ಇದೆ. ಬುದ್ಧನಿಗಿಂತ ಬಿಗಿಯಾಗಬೇಕೇ ನಾವು?

ಆದರೆ ನನ್ನ ನಿಜವಾದ ಕಾರಣ ಮೊಟ್ಟೆ. 2022ರಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗೂ ಬಂದಾಗ ನಾನು ಮುಖ್ಯೋಪಾಧ್ಯಾಯ. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ. ಮಠಾಧೀಶರ ಹೇಳಿಕೆ ಪತ್ರಿಕೆಯಲ್ಲಿ ಬರುತ್ತಿದ್ದ ದಿನಗಳಲ್ಲಿ ನಾನು ಮೊಟ್ಟೆ ಎಣಿಸುತ್ತಿದ್ದೆ. ಮೊದಲ ದಿನ ಕರವಸ್ತ್ರ ಸುತ್ತಿಕೊಂಡು ಎಣಿಸಿದೆ, ಸುಳ್ಳೇಕೆ ಹೇಳಲಿ. ನಮ್ಮ ಶಾಲೆಯ ಮಕ್ಕಳು ಹೆಚ್ಚಿನವರು ತೋಟದ ಲೈನ್‌ಮನೆಯವರು, ಎರವ ಬುಡಕಟ್ಟಿನ ಹಾಡಿಯವರು. ನಾಲ್ಕನೇ ಕ್ಲಾಸಿನ ಒಬ್ಬಳು ಅರ್ಧ ಮೊಟ್ಟೆ ತಿಂದು ಇನ್ನರ್ಧವನ್ನು ಲಂಗದ ಜೇಬಿಗೆ ಹಾಕುತ್ತಿದ್ದಳು. ಕೇಳಿದರೆ "ತಮ್ಮನಿಗೆ". ತಮ್ಮನಿಗೆ ಇನ್ನೂ ಶಾಲೆಯ ವಯಸ್ಸಾಗಿರಲಿಲ್ಲ. ಒಂದು ದಿನ ಅವಳು ನನ್ನ ತಟ್ಟೆ ನೋಡಿ "ಸಾರ್, ನಿಮಗೆ ಯಾಕೆ ಬಾಳೆಹಣ್ಣು, ಹುಷಾರಿಲ್ವಾ?" ಎಂದಳು. ಆಮೇಲೆ ನಾನು ಕರವಸ್ತ್ರ ಬಿಟ್ಟೆ. ಸಿಪ್ಪೆ ಸುಲಿಯಲು ಬಾರದ ಒಂದನೇ ಕ್ಲಾಸಿನವರಿಗೆ ನಾನೇ ಸುಲಿದು ಕೊಟ್ಟೆ. ವಾರಕ್ಕೆ ಆರು ಮೊಟ್ಟೆಯ ಯೋಜನೆ ಬಂದದ್ದು 2024ರಲ್ಲಿ. ಅಷ್ಟರಲ್ಲಿ ನಾನು ನಿವೃತ್ತನಾಗಿದ್ದೆ.

ಪ್ರಾಣಿ ಯೋಚಿಸಬಲ್ಲುದೇ ಎಂದು ಕೇಳಬೇಡಿ, ನೋಯಬಲ್ಲುದೇ ಎಂದು ಕೇಳಿ ಎಂದು ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಾಮ್ 1789ರಲ್ಲೇ ಬರೆದಿದ್ದಾನೆ. ಅದಕ್ಕೆ ಉತ್ತರ ಕೊಡಲು ಇಲ್ಲಿ ಜಾಗ ಸಾಲದು. ಆ ಹುಡುಗಿಗೆ ಅದನ್ನು ಪಾಠ ಮಾಡುವ ಧೈರ್ಯವೂ ನನಗಿಲ್ಲ.

ವಿರೋಧ
(ಲೇಖಕಿ ಕಾಫಿ ಬೆಳೆಗಾರರು, ಸಿದ್ದಾಪುರದ ಹತ್ತಿರ)

ಮೇಷ್ಟ್ರ ಬರಹವನ್ನು ಸಂಪಾದಕರು ನನಗೆ ಮೊದಲೇ ಕಳಿಸಿದರು. ಇದು ನ್ಯಾಯವೋ ಅಲ್ಲವೋ, ಓದಿದ್ದಂತೂ ಆಯಿತು. ಅವರು ನಮ್ಮೂರಿನಲ್ಲಿದ್ದಾಗ ನನ್ನ ಮಗನಿಗೆ ಪಾಠ ಹೇಳಿದವರು, ಎದುರು ಸಿಕ್ಕರೆ ಈಗಲೂ ನಿಂತು ಮಾತಾಡಿಸುತ್ತೇನೆ. ಆದರೆ ಬಾಡಿಗೆ ಮನೆ, ಬಾದಾಮಿ, ಮೊಟ್ಟೆ ಎಲ್ಲ ಬರೆದವರು ಪ್ರಾಣಿಯ ನೋವಿನ ವಿಷಯಕ್ಕೆ ಬಂದಾಗ ಜಾಗ ಸಾಲದು ಎಂದಿದ್ದಾರೆ. ಆ ಜಾಗ ನನಗೆ ಸಿಕ್ಕಿದೆ.

ಮದುವೆಯಾಗಿ ಬಂದ ವರ್ಷದಿಂದ ಹಂದಿಗೂಡು ನನ್ನ ಕೆಲಸ. ಎರಡು ಮೂರು ಮರಿ ತಂದು ಸಾಕುವುದು, ಒಂದು ಕೈಲ್ ಪೊಳ್ದ್‌ಗೆ, ಒಂದು ಸುಗ್ಗಿಹಬ್ಬ ಪುತ್ತರಿಯ ಹೊತ್ತಿಗೆ, ಉಳಿದದ್ದು ಮಾರಾಟಕ್ಕೆ. ಒಂದು ತಾಯಿಹಂದಿಯೂ ಇತ್ತು. ಹಂದಿಯ ಬಸಿರು ಮೂರು ತಿಂಗಳು, ಮೂರು ವಾರ, ಮೂರು ದಿನ. ಲೆಕ್ಕ ತಪ್ಪುವುದು ಅಪರೂಪ. ಕೆಸುವಿನ ದಂಟು, ಅಡುಗೆಮನೆಯ ಉಳಿಕೆ, ತೌಡು ಸೇರಿಸಿ ಬೇಯಿಸಿ ತಗಡಿನ ಬಕೆಟ್ಟಿನಲ್ಲಿ ಒಯ್ಯುತ್ತಿದ್ದೆ. ಬಕೆಟ್ಟಿನ ಹಿಡಿ ಸದ್ದು ಮಾಡಿದರೆ ಸಾಕು, ಎದ್ದು ಬಾಗಿಲಿಗೆ ಬರುತ್ತಿದ್ದವು. ನನ್ನ ಗಂಡ ಬರಿಗೈಯಲ್ಲಿ ಹೋದರೆ ಏಳುತ್ತಿರಲಿಲ್ಲ. ಸ್ವಲ್ಪ ಜಾಗ ಕೊಟ್ಟರೆ ಹಂದಿ ಮಲಗುವ ಮೂಲೆಯಲ್ಲಿ ಗಲೀಜು ಮಾಡುವುದಿಲ್ಲ, ಅದಕ್ಕೆ ಬೇರೆ ಮೂಲೆ ಇಟ್ಟುಕೊಳ್ಳುತ್ತದೆ. ಹಂದಿ ಎಂದು ಬೈಯುವವರು ಹಂದಿ ಸಾಕಿದವರಲ್ಲ.

2016ರ ಕೈಲ್ ಪೊಳ್ದ್‌ನ ಹಿಂದಿನ ದಿನ. ಜಡಿಮಳೆ. ಕಡಿಯಲು ಹೊರಕ್ಕೆ ತಂದ ಹಂದಿ ಕೈತಪ್ಪಿಸಿಕೊಂಡು ರೋಬಸ್ಟಾ ಗಿಡಗಳ ಒಳಗೆ ನುಗ್ಗಿತು. ನಾಲ್ಕು ಜನ ಗಂಡಸರು ಒಂದು ಗಂಟೆ ಕೆಸರಿನಲ್ಲಿ ಜಾರಿ ಬಿದ್ದರು. ಕೊನೆಗೆ ಮೈದುನ ಕೂಗಿದ, "ಅತ್ತಿಗೆ, ಬಕೆಟ್ ತಗೊಂಡು ಬನ್ನಿ." ಬಕೆಟ್ ಖಾಲಿ ಇತ್ತು. ತುಂಬಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ನಾನು ತೋಟದ ಅಂಚಿಗೆ ಹೋಗಿ ಹಿಡಿ ಅಲ್ಲಾಡಿಸಿದೆ. ಬಂತು. ಬಕೆಟ್ಟಿಗೆ ಮೂತಿ ಹಾಕಿತು, ತೆಗೆಯಿತು. ನನ್ನ ಮುಖ ನೋಡಿತು ಎಂದು ಬರೆದರೆ ಕಥೆ ಕಟ್ಟಿದಂತಾಗುತ್ತದೆ. ಇನ್ನೊಮ್ಮೆ ಮೂತಿ ಹಾಕಿತು, ಅಷ್ಟೇ. ಅಷ್ಟರಲ್ಲಿ ಹಗ್ಗ ಬಿತ್ತು.

ಮರುದಿನವೇ ಬಿಟ್ಟೆ ಎಂದರೆ ಸುಳ್ಳು. ಅವತ್ತು ಕಾಚಂಪುಳಿ ಎಂಬ ಹುಳಿ ಹಾಕಿ ಪಂದಿ (ಹಂದಿ) ಕರಿ ಮಾಡಿದವಳು ನಾನೇ, ಅಕ್ಕಿಯ ಕಡಂಬುಟ್ಟಿನ ಜೊತೆ ತಿಂದವಳೂ ನಾನೇ. ಮುಂದಿನ ವರ್ಷವೂ ತಿಂದೆ. ಅದರ ಮುಂದಿನ ವರ್ಷ ಪಾತ್ರೆಯ ಮುಂದೆ ನಿಂತಾಗ ಹಿಡಿಯ ಸದ್ದು ಕೇಳಿದಂತಾಗಿ ಬಡಿಸಿಕೊಳ್ಳಲಿಲ್ಲ. ಭಿಕ್ಷುವಿಗೆ ಮೂರು ನಿಯಮ ಇದೆಯಂತೆ: ಕಾಣಬಾರದು, ಕೇಳಬಾರದು, ಸಂಶಯ ಇರಬಾರದು. ನನಗೆ ಮೂರೂ ಮುರಿದಿವೆ. ಅಂಗಡಿಯಿಂದ ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ತರುವವರಿಗೆ ಮಾತ್ರ ಮೂರೂ ಭದ್ರವಾಗಿವೆ.

ಹಿಂದಿನವರನ್ನು ನಾನು ದೂರುವುದಿಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಹೊರಗೆ ಕಾಲಿಡಲಾಗದ ಕಾಲ. ಒಲೆಯ ಮೇಲೆ ಕಟ್ಟಿದ ಒಣಕೆರ್ಚಿ (ಒಣಮಾಂಸ), ಗದ್ದೆಯ ಏಡಿ, ಬೈಂಬಳೆ (ಕಳಲೆ), ಕಾಡಿನ ಕುಮ್ಮು (ಅಣಬೆ), ಇವೇ ಊಟ. ಬೇಕಾಗಿತ್ತು, ತಿಂದರು. ಈಗ ಸಿದ್ದಾಪುರದ ಸಂತೆಯಲ್ಲಿ ಏನಿಲ್ಲ? ಹಬ್ಬಕ್ಕೆ ಸಿಗುತ್ತಿದ್ದ ಪಂದಿ ಈಗ ದಿನವೂ ಸಿಗುತ್ತದೆ. ಪ್ರವಾಸಿಗಳು ಬರುವ ರಸ್ತೆಯ ಉದ್ದಕ್ಕೂ 'ಕೂರ್ಗ್ ಪೋರ್ಕ್' ಬೋರ್ಡು. ಅದಕ್ಕೆ ಬೇಕಾದ ಬಿಳಿ ಯಾರ್ಕ್‌ಷೈರ್ ಹಂದಿ ಸಿಮೆಂಟಿನ ಕೋಣೆಯಲ್ಲಿ ಹುಟ್ಟಿ ಅಲ್ಲೇ ಬೆಳೆಯುತ್ತದೆ, ಹೊರಗೆ ಬರುವುದು ಒಂದೇ ಸಲ. ಬ್ರಾಯ್ಲರ್ ಕೋಳಿ ಆರು ವಾರಕ್ಕೆ ಎರಡು ಕಿಲೋ ತೂಗುತ್ತದೆ, ತನ್ನ ತೂಕ ತಾನೇ ಹೊರಲಾಗದೆ ಕೂತುಬಿಡುತ್ತದೆ. ಇದನ್ನು ಸಂಸ್ಕೃತಿ ಎನ್ನಲು ನನ್ನ ಬಾಯಿ ಬರುವುದಿಲ್ಲ. ಮಾಂಸ, ಹಾಲು, ಮೊಟ್ಟೆ, ಸಾಕಿದ ಮೀನು ಸೇರಿ ಜಗತ್ತಿನ ಕೃಷಿಭೂಮಿಯ ಶೇ. 83ರಷ್ಟನ್ನು ಬಳಸಿ ಕೊಡುವುದು ಶೇ. 18 ಕ್ಯಾಲೊರಿ ಎಂದು 2018ರ ಒಂದು ಅಧ್ಯಯನವನ್ನು ಮಗ ಕಳಿಸಿದ್ದಾನೆ. ಅದನ್ನೂ ಸೇರಿಸಿದ್ದೇನೆ. ನನಗೆ ಆ ಲೆಕ್ಕಕ್ಕಿಂತ ಬಕೆಟ್ಟೇ ದೊಡ್ಡದು.

"ಪಂದಿ ಬಿಟ್ಟರೆ ಕೊಡವತನ ಎಲ್ಲಿ ಉಳಿಯಿತು?" ಎಂದು ಕೇಳುತ್ತಾರೆ. ಹುಲಿ ಹೊಡೆದವನಿಗೆ ನರಿ ಮಂಗಲ (ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ) ಮಾಡಿ ಮದುಮಗನಂತೆ ಕೂರಿಸುತ್ತಿದ್ದೆವು. 1972ರ ವನ್ಯಜೀವಿ ಕಾನೂನು ಬಂತು, ಹುಲಿ ಬೇಟೆ ಹೋಯಿತು. ನಾವು ಇದ್ದೇವೆ. ಕೈಲ್ ಪೊಳ್ದ್‌ನಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವಿಟ್ಟು ಪೂಜಿಸಿ ಬೇಟೆಗೆ ಹೊರಡುತ್ತಿದ್ದ ಗಂಡಸರು ಈಗ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ತೆಂಗಿನಕಾಯಿಗೆ ಹೊಡೆದವನ ಮೀಸೆ ಇಳಿದದ್ದನ್ನು ನಾನು ನೋಡಿಲ್ಲ. ಕಾವೇರಿ ಸಂಕ್ರಮಣದ ದಿನ ಎಲ್ಲರ ಮನೆಯಲ್ಲೂ ದೋಸೆ, ಕುಂಬಳಕಾಯಿ ಕರಿ. ಅವತ್ತು ಮಾಂಸದ ಮಾತೇ ಇಲ್ಲ. ನಮ್ಮ ನಾಡಿನ ಅಮ್ಮ ಕೊಡವ ಸಮುದಾಯದವರು ಸಸ್ಯಾಹಾರಿಗಳು. ಹಿಂದೆ ನಮ್ಮನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಅಲ್ಲಿ ಕೋವಿ ಎತ್ತುವಂತಿಲ್ಲ. ಎತ್ತಬಾರದ ಜಾಗ ಇದೆ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ನಾನು ಆ ಬೇಲಿಯನ್ನು ಸ್ವಲ್ಪ ಹೊರಕ್ಕೆ ಹಾಕಿ ಎನ್ನುತ್ತಿದ್ದೇನೆ.

ಬೋರ್ಡು ಹಾಕಿ ಮನೆ ಕೊಡದವರ ಬಗ್ಗೆ ಮೇಷ್ಟ್ರು ಬರೆದದ್ದು ನಿಜ. ಬೆಂಗಳೂರಿನಲ್ಲಿ ನನ್ನ ಮಗನಿಗೂ ಹಾಗಾಗಿದೆ, ಅವನು ತಿನ್ನುತ್ತಾನೆ. ಆದರೆ ಮನೆಯವರ ಜಾತಿಯ ಕೊಬ್ಬಿಗೆ ನಮ್ಮ ಗೂಡಿನ ಹಂದಿ ಯಾಕೆ ಸಾಯಬೇಕು? ಹಾಲಿನ ಮಾತಿಗೆ: ನಮ್ಮಲ್ಲಿ ಹಳೆಯ ಕಾಲದ ಬೆಲ್ಲದ ಕಾಫಿ ಇದೆ, ಹಾಲು ಬೇಕಿಲ್ಲ. ನಾನು ಈಗ ಅದನ್ನೇ ಕುಡಿಯುತ್ತೇನೆ. ತುಪ್ಪ ಬಿಟ್ಟಿಲ್ಲ. ಅದನ್ನು ಇನ್ನೊಮ್ಮೆ ಮಾತಾಡೋಣ. ಮೊಟ್ಟೆ ಜೇಬಿಗೆ ಹಾಕಿಕೊಂಡ ಹುಡುಗಿಯ ಮುಂದೆ ನಾನೂ ಬಾಯಿ ತೆರೆಯುವುದಿಲ್ಲ. ಆದರೆ ಮೇಷ್ಟ್ರೇ, ನಾನು ಮಾತಾಡುತ್ತಿರುವುದು ಅವಳ ಬಗ್ಗೆ ಅಲ್ಲ. ಎರಡು ಕಾರು, ಮೂರು ಫ್ರಿಜ್ಜು ಇರುವ ನಮ್ಮಂಥವರ ಬಗ್ಗೆ.

ಬಿಟ್ಟ ಮೇಲಿನ ಕಷ್ಟ ಹಸಿವಿನದ್ದಲ್ಲ, ಮದುವೆ ಮನೆಯದ್ದು. ಕಲ್ಯಾಣ ಮಂಟಪದಲ್ಲಿ ತಟ್ಟೆ ನೋಡಿದವರೆಲ್ಲ ಕೇಳುವುದು ಒಂದೇ, "ಡಾಕ್ಟರ್ ಬೇಡ ಅಂದ್ರಾ?" ಹೌದು ಎಂದರೆ ಎಲ್ಲರಿಗೂ ಸಮಾಧಾನ, ಕೊಲೆಸ್ಟರಾಲ್ ಮಾತು ಶುರು. ಇಲ್ಲ, ನನಗೇ ಬೇಡ ಎಂದರೆ ಮೇಜು ತಣ್ಣಗಾಗುತ್ತದೆ, ಅವರ ತಟ್ಟೆಗೆ ನಾನು ಕೈ ಹಾಕಿದಂತೆ. ಡಾಕ್ಟರ್ ಹೇಳಿದ್ದು ಬಿ12 ಮಾತ್ರೆ ತಗೊಳ್ಳಿ ಅಂತ ಮಾತ್ರ, ತಗೊಳ್ಳುತ್ತಿದ್ದೇನೆ. ಒಂದು ವರ್ಷ ಅತ್ತೆ ನನ್ನ ಜೊತೆ ಅಡುಗೆಮನೆಯಲ್ಲಿ ಮಾತೇ ಬಿಟ್ಟಿದ್ದರು. ಆಮೇಲೆ ಒಂದು ಸಂಜೆ ಬೈಂಬಳೆ ಕರಿ ನನ್ನ ತಟ್ಟೆಗೆ ಎರಡನೇ ಸಲ ಬಡಿಸಿದರು, ಏನೂ ಹೇಳಲಿಲ್ಲ.

ಈ ಸಲದ ಹಬ್ಬಕ್ಕೆ ಎಳೆ ಹಲಸಿನಕಾಯಿಯನ್ನು ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದೆ. ಪಂದಿಗೆ ಹಾಕುವ ಅದೇ ಹುರಿದ ಮಸಾಲೆ, ಅದೇ ಕಾಳುಮೆಣಸು, ಅದೇ ಕಾಚಂಪುಳಿ ಹಾಕಿ ಕಪ್ಪಗಾಗುವವರೆಗೆ ಬೇಯಿಸಿದೆ. ಮೈದುನ ಎರಡು ಸಲ ಹಾಕಿಸಿಕೊಂಡು, ಬೆರಳು ನೆಕ್ಕಿ ಹೇಳಿದ: "ಚೆನ್ನಾಗಿದೆ ಅತ್ತಿಗೆ. ಒಂದು ಚೂರು ಪಂದಿ ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು."