‘ಮೇ ಆಮರಾಸ್’ ಅನ್ನು ಒಂದೇ ಸಾಲಿನಲ್ಲಿ ಮುಗಿಸಬಾರದಿತ್ತು

ಗಾಯಕ ರಿಕಿ ಮಾರ್ಟಿನ್ ಅವರ ಸಂಗೀತಯಾನವನ್ನು ಕುರಿತು ನಿಮ್ಮಲ್ಲಿ ಪ್ರಕಟವಾದ ಲೇಖನ ಸೊಗಸಾಗಿದೆ. ಆದರೆ ಅವರ 1993ರ ‘ಮೇ ಆಮರಾಸ್’ ಆಲ್ಬಂ ಅನ್ನು ‘ಆರಂಭದ ತಡಕಾಟ’ ಎಂದು ಒಂದೇ ಸಾಲಿನಲ್ಲಿ ಬದಿಗೆ ಸರಿಸಿರುವುದನ್ನು ಒಪ್ಪಲಾರೆ.

ಹುಡುಗರ ಗಾಯನ ತಂಡವಾದ ಮೆನೂಡೊವನ್ನು ತೊರೆದು, ಮೆಕ್ಸಿಕೊದ ಟಿ.ವಿ. ಧಾರಾವಾಹಿಯಲ್ಲಿ ನಟಿಸಿ ಮನೆಮಾತಾಗಿದ್ದ ಪೋರ್ಟೊರಿಕೊದ ಈ ಯುವಕನ ಎರಡನೆಯ ಏಕವ್ಯಕ್ತಿ ಆಲ್ಬಂ ಅದು. ಅದರ ನಿರ್ಮಾಪಕರು ಸ್ಪೇನ್‌ನ ಹುವಾನ್ ಕಾರ್ಲೋಸ್ ಕಾಲ್ಡೆರೋನ್. 1973ರ ಯೂರೋವಿಷನ್ ಎಂಬ ಯುರೋಪಿನ ಗೀತಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದ ‘ಎರೆಸ್ ತು’ ಗೀತೆಯನ್ನು ರಚಿಸಿದವರು, ಮುಂದೆ ಗಾಯಕ ಲೂಯಿಸ್ ಮಿಗೆಲ್ ಅವರಿಗೂ ಆಲ್ಬಂಗಳನ್ನು ರೂಪಿಸಿಕೊಟ್ಟವರು. ರಾಗವನ್ನು ಮೆಲ್ಲನೆ ಏರಿಸುತ್ತ ಹೋಗಿ ಪಲ್ಲವಿಯಲ್ಲಿ ಒಮ್ಮೆಲೇ ಬಿಚ್ಚಿಡುವ ಕಾಲ್ಡೆರೋನ್ ಅವರ ಶೈಲಿಗೆ ಉಸಿರಿನ ಹಿಡಿತ ಬೇಕು. ಇಪ್ಪತ್ತೊಂದರ ಹರೆಯದ ಗಾಯಕ ಶೀರ್ಷಿಕೆ ಗೀತೆಯಲ್ಲಿ ಆ ಹಿಡಿತವನ್ನು ಬಹುಮಟ್ಟಿಗೆ ಸಾಧಿಸಿದ್ದಾರೆ ಎಂಬುದು ನನ್ನ ಅನಿಸಿಕೆ. ಕೆಲವೆಡೆ ಭಾವ ತುಸು ಅತಿಯಾಗುವುದು ನಿಜ, ಧಾರಾವಾಹಿಯ ನಟನೆ ದನಿಗೂ ಅಂಟಿಕೊಂಡಿತ್ತೇನೋ! ಇಟಲಿಯ ಗಾಯಕ ರಾಫ್ ಅವರ 1984ರ ‘ಸೆಲ್ಫ್ ಕಂಟ್ರೋಲ್’ ಹಾಡಿನ ಸ್ಪ್ಯಾನಿಷ್ ರೂಪವೂ ಇಲ್ಲಿದೆ. ಅದು ನನಗೆ ಅಷ್ಟಾಗಿ ಹಿಡಿಸಲಿಲ್ಲ.

1995ರ ‘ಆ ಮೇದಿಯೊ ವಿವಿರ್’ ಆಲ್ಬಂನ ‘ಮರೀಯಾ’, ಬಳಿಕ 1998ರ ಫುಟ್‌ಬಾಲ್ ವಿಶ್ವಕಪ್ ಗೀತೆ ಅವರನ್ನು ಕುಣಿತದ ತಾರೆಯನ್ನಾಗಿಸಿದ ಮೇಲೆ, ಹಿಂದಿನ ಪ್ರೇಮಗೀತೆಗಳನ್ನು ಕೇಳುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ಲೇಖಕರು ಮೆಚ್ಚಿರುವ 1998ರ ‘ವುಯೆಲ್ವೆ’ ಆಲ್ಬಂನ ನಿಧಾನಗತಿಯ ಹಾಡುಗಳಲ್ಲಿನ ಪಕ್ವತೆಯ ಬೇರು ‘ಮೇ ಆಮರಾಸ್’ನಲ್ಲೇ ಇದೆಯೆಂದು ನನಗೆ ತೋರುತ್ತದೆ.