ಬ್ಲ್ಯಾಕ್‌ಬಿಯರ್ಡ್ ಮದುವೆ ಈ ಚರ್ಚಿನಲ್ಲಿ ಆಗಿಲ್ಲ

ಅಮೆರಿಕದ ನಾರ್ತ್ ಕೆರೊಲೈನಾದ ಬಾತ್ ಎಂಬ ಪುಟ್ಟ ಊರಿನ ಸೇಂಟ್ ಥಾಮಸ್ ಎಪಿಸ್ಕೋಪಲ್ ಚರ್ಚಿನ ಫೋಟೋ ಹಾಕಿ, 'ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್ ಮದುವೆಯಾಗಿದ್ದು ಇಲ್ಲೇ' ಎಂದು ಹಂಚುತ್ತಿದ್ದಾರೆ. ಸಾಧ್ಯವೇ ಇಲ್ಲ. ಅವನು 1718ರ ನವೆಂಬರ್‌ನಲ್ಲಿ ಒಕ್ರಕೋಕ್ ದ್ವೀಪದ ಬಳಿಯ ಕಾಳಗದಲ್ಲಿ ಸತ್ತ. ಈ ಇಟ್ಟಿಗೆ ಕಟ್ಟಡದ ಕೆಲಸ ಶುರುವಾಗಿದ್ದೇ 1734ರಲ್ಲಿ. ಸತ್ತು 16 ವರ್ಷವಾದ ಮೇಲೆ ಮದುವೆಯೇ?

ಅವನು ಸಾಯುವ ಮುಂಚೆ ಬಾತ್‌ನಲ್ಲಿ ಸ್ವಲ್ಪ ದಿನ ಇದ್ದದ್ದು ನಿಜ. ಕತೆ ಅಲ್ಲಿಂದಲೇ ಹುಟ್ಟಿರಬೇಕು. ಪ್ಯಾರಿಷ್ (ಅಂದರೆ ಈ ಚರ್ಚಿಗೆ ಸೇರಿದ ಊರಿನ ಭಕ್ತರ ಘಟಕ) ಮಾತ್ರ ಕಟ್ಟಡಕ್ಕಿಂತ ಹಳೇದು, 1701ರದ್ದು. ಅದೇ ಹೊತ್ತಿಗೆ ಇಂಗ್ಲೆಂಡಿನ ಪಾದ್ರಿ ಥಾಮಸ್ ಬ್ರೇ ಅಲ್ಲಿಗೆ ಸಾವಿರಕ್ಕೂ ಹೆಚ್ಚು ಪುಸ್ತಕ ಕಳಿಸಿಕೊಟ್ಟಿದ್ದರು. ಕಳ್ಳನ ಮದುವೆಗಿಂತ ಇದೇ ಜಾಸ್ತಿ ಸ್ವಾರಸ್ಯ, ಅಲ್ವಾ?

ಅಂದಹಾಗೆ, ಆಗ ಈ ಪ್ಯಾರಿಷ್ ಇಂಗ್ಲೆಂಡಿನ ಅಧಿಕೃತ ಚರ್ಚಾದ ಚರ್ಚ್ ಆಫ್ ಇಂಗ್ಲೆಂಡಿನದ್ದು. ಈಗ ಅದರ ಹೆಸರಲ್ಲಿರುವ ಎಪಿಸ್ಕೋಪಲ್ ಚರ್ಚ್ ಎಂಬ ಪಂಥ ರೂಪುಗೊಂಡಿದ್ದು ಅಮೆರಿಕ ಸ್ವತಂತ್ರವಾದ ಮೇಲೆ, 1789ರಲ್ಲಿ.