ಹಲಸಿನ ಮೇಜಿಗೆ ಮತ್ತೆ ಪೇಂಟ್ ಬಳಿಯುವ ಮೊದಲು

ಕಾರವಾರದಲ್ಲಿ ಬಾಡಿಗೆ ಮನೆ ಹಿಡಿದ ವರ್ಷ ನಾವು ಫೋನಿನಲ್ಲಿಯೇ ಚಿತ್ರ ನೋಡಿ ತರಿಸಿಕೊಂಡಿದ್ದ ಪುಸ್ತಕದ ಕಪಾಟು ಮೊದಲ ಮಳೆಗಾಲವನ್ನೇ ದಾಟಲಿಲ್ಲ. ಜುಲೈ ತಿಂಗಳಲ್ಲಿ ಅದರ ಕೆಳಹಲಗೆಯ ಅಂಚು ಚಹಾದಲ್ಲಿ ಅದ್ದಿದ ಟೋಸ್ಟಿನಂತೆ ಉಬ್ಬಿತು. ಗಣೇಶ ಚೌತಿಯ ಹೊತ್ತಿಗೆ ತಿರುಪುಗಳು ಹಿಡಿತ ಬಿಟ್ಟು, ಕಪಾಟು ಒಂದು ಬದಿಗೆ ವಾಲಿತು. ಅದು ಮರವಾಗಿರಲಿಲ್ಲ. ಮರದ ಪುಡಿ ಮತ್ತು ಚೂರುಗಳನ್ನು ಅಂಟಿನೊಂದಿಗೆ ಕಲಸಿ ಒತ್ತಿದ ಪಾರ್ಟಿಕಲ್ ಬೋರ್ಡ್ ಅದು. ಅಂಚಿನ ಪಟ್ಟಿ ಒಂದೆಡೆ ಬಿಟ್ಟುಕೊಂಡರೂ ಸಾಕು, ತೇವ ಒಳಗೆ ಸೇರುತ್ತದೆ, ಮತ್ತು ಒಮ್ಮೆ ಉಬ್ಬಿದ ಭಾಗ ಒಣಗಿದ ಮೇಲೂ ಮೊದಲಿನ ಸ್ಥಿತಿಗೆ ಬರುವುದಿಲ್ಲ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ಊರಿಗೆ ಅಂಥ ಹಲಗೆಯನ್ನು ತಂದದ್ದು ನಮ್ಮದೇ ತಪ್ಪು.

ಅದೇ ದೀಪಾವಳಿಗೆ ಶಿರಸಿ ಸಮೀಪದ ತವರುಮನೆಗೆ ಹೋದಾಗ ಮೆತ್ತಿನ ಮೇಲೆ ಅಜ್ಜನ ಮೇಜು ಕಣ್ಣಿಗೆ ಬಿತ್ತು. ಅಡಿಕೆ ವ್ಯಾಪಾರದ ಲೆಕ್ಕವನ್ನು ಅವರು ಬರೆದಿಡುತ್ತಿದ್ದುದು ಅದರ ಮೇಲೆಯೇ. ಯಾವುದೋ ಮದುವೆಯ ಸಂದರ್ಭದಲ್ಲಿ ಬಳಿದ ಹಸಿರು ಆಯಿಲ್ ಪೇಂಟ್ ಅಲ್ಲಲ್ಲಿ ಎದ್ದು ಬಂದಿತ್ತು, ಒಂದು ಕಾಲು ಅಲ್ಲಾಡುತ್ತಿತ್ತು, ಅಣ್ಣ ಅದನ್ನು ಬಚ್ಚಲೊಲೆಗೆ ಹಾಕುವವನಿದ್ದ. ನಾನು ಅದನ್ನು ಅಡಿಕೆ ಚೀಲಗಳ ನಡುವೆ ಗೂಡ್ಸ್ ರಿಕ್ಷಾದಲ್ಲಿಟ್ಟು ಘಟ್ಟ ಇಳಿಸಿದೆ.

ಆ ಮೇಜಿನ ಕೆಲಸ ನನಗೆ ಕಲಿಸಿದ ಒಂದು ವಿಷಯವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಕಡಿಮೆ ಖರ್ಚಿನಲ್ಲಿ ಮನೆ ಚೆಂದ ಮಾಡುವುದೆಂದರೆ ಇಂದು ಬಹುತೇಕರು ಹಳೆಯ ಪೀಠೋಪಕರಣಕ್ಕೆ ದಪ್ಪನೆಯ ಬಿಳಿ ಅಥವಾ ತಿಳಿನೀಲಿ ಪೇಂಟ್ ಬಳಿಯುವುದೆಂದು ತಿಳಿದಿದ್ದಾರೆ. ನಮ್ಮ ಕರಾವಳಿಯಲ್ಲಿ ಇದು ಅಗ್ಗದ ದಾರಿಯಲ್ಲ. ಮರ ಇಲ್ಲಿ ಆಷಾಢದಲ್ಲಿ ಹಿಗ್ಗುತ್ತದೆ, ಮಾಘದಲ್ಲಿ ಕುಗ್ಗುತ್ತದೆ; ಮೇಲಿನ ಗಟ್ಟಿ ಪದರ ಆ ಚಲನೆಗೆ ಒಗ್ಗದೆ ಸಂದುಗಳಲ್ಲಿ ಸೀಳುತ್ತದೆ, ಸೀಳಿದಲ್ಲಿ ನೀರು ಇಳಿಯುತ್ತದೆ, ಇಳಿದ ನೀರು ಪದರದ ಅಡಿಯಲ್ಲೇ ನಿಂತು ಮರವನ್ನು ಕೊಳೆಸುತ್ತದೆ. ಆಗ ಒಂದು ಮೂಲೆಯನ್ನಷ್ಟೇ ಸರಿಮಾಡಲು ಬರುವುದಿಲ್ಲ, ಇಡೀ ಪೇಂಟನ್ನು ಕೆರೆದು ತೆಗೆಯಬೇಕಾಗುತ್ತದೆ. ಆದ್ದರಿಂದ ನಾನು ಈಗ ಯಾವುದೇ ಪಾಲಿಶ್ ಕೊಳ್ಳುವ ಮುನ್ನ ಕೇಳುವ ಪ್ರಶ್ನೆ ಒಂದೇ: ಮುಂದಿನ ವರ್ಷ ಇದನ್ನು ನಾನೇ, ಹಾಳಾದಷ್ಟು ಜಾಗದಲ್ಲಿ ಮಾತ್ರ, ತಿದ್ದಬಲ್ಲೆನೇ?

ನಮ್ಮ ಮೀನುಗಾರರಿಗೆ ಇದು ಹೊಸ ಮಾತಲ್ಲ. ಯಾಂತ್ರಿಕ ದೋಣಿಗಳಿಗೆ ಕಡಲಿಗೆ ಇಳಿಯಲು ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳು ದಡದಲ್ಲಿ ದುರಸ್ತಿಯ ದಿನಗಳೂ ಹೌದು. ಮರದ ದೋಣಿಗಳಿಗೆ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಕಾಲಕಾಲಕ್ಕೆ ಸವರುತ್ತಿದ್ದವರು ಒಂದೇ ಲೇಪ ಜೀವಮಾನವಿಡೀ ಬಾಳೀತೆಂದು ಎಂದೂ ಭಾವಿಸಿದವರಲ್ಲ.

ಇನ್ನು ಮೇಜಿನ ವಿಷಯ. ಹಳೆಯ ಪೇಂಟ್ ಕೆರೆಯಲು ಹೊರಟವರು ಮೊದಲು ತಿಳಿಯಬೇಕಾದದ್ದು ಸೀಸದ ಅಪಾಯ. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಆಯಿಲ್ ಪೇಂಟಿನಲ್ಲಿ ಸೀಸ ಇದೆಯೆಂದೇ ಎಣಿಸಿ ಕೆಲಸ ಮಾಡುವುದು ಕ್ಷೇಮ. ಆದ್ದರಿಂದ ಒಣ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬಾರದು. ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು, ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿಕೊಂಡು, ಮಕ್ಕಳನ್ನು ದೂರವಿಟ್ಟು, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಹೆರೆಯಬೇಕು. ನಾನು ನಾಲ್ಕು ಭಾನುವಾರ ಹೀಗೆ ಕಳೆದೆ. ಅವಸರ ಮಾಡಿದ್ದರೆ ಎರಡರಲ್ಲಿ ಮುಗಿಯುತ್ತಿತ್ತು, ಆದರೆ ಮನೆಯಲ್ಲಿ ಮೂರು ವರ್ಷದ ಮಗುವಿತ್ತು.

ಹಸಿರು ಹೋದ ಮೇಲೆ ಕಂಡ ಮರವನ್ನು ನಾನು ಇನ್ನೂ ಮರೆತಿಲ್ಲ. ಕೊಯ್ದ ಹೊಸತರಲ್ಲಿ ಅರಿಶಿನದಂತಿರುವ ಹಲಸು ವರ್ಷಗಳು ಕಳೆದಂತೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ನಾನು ಉತ್ಸಾಹದಿಂದ ಒರಟು ಉಪ್ಪುಕಾಗದ ಹಿಡಿದು ಉಜ್ಜತೊಡಗಿದಾಗ ಪಕ್ಕದ ಓಣಿಯ ಆಚಾರಿಯವರು ತಡೆದರು. “ತಂಗೀ, ಅಷ್ಟು ತಿಕ್ಬೇಡ. ಈ ಬಣ್ಣ ಬರೂಕೆ ಐವತ್ತು ವರ್ಷ ಬೇಕಾಗ್ತದೆ, ತೆಗೂಕೆ ಅರ್ಧ ತಾಸು ಸಾಕು,” ಎಂದರು. ಮೊದಲಿನಂತೆ ಒದ್ದೆ ಮಾಡಿಕೊಂಡೇ 120ರ ಕಾಗದದಿಂದ ಪೇಂಟಿನ ಉಳಿಕೆಯನ್ನಷ್ಟೇ ತೆಗೆದು, ಅದಕ್ಕಿಂತ ನಯವಾದ 220ರ ಕಾಗದದಿಂದ ಮರದ ಎಳೆಯ ಗುಂಟ ಹಗುರವಾಗಿ ಸವರಿ ನಿಲ್ಲಿಸಿದೆ. ಕಬ್ಬಿಣದ ಮೊಳೆಗಳ ಸುತ್ತ ಕಪ್ಪು ಕಲೆ ಉಳಿದಿತ್ತು. ಅದು ತುಕ್ಕು ಮರದ ಒಗರಿನೊಂದಿಗೆ ಸೇರಿ ಆಗುವ ಕಲೆ. ಮೊಳೆ ಕಿತ್ತು ಹಿತ್ತಾಳೆಯ ತಿರುಪು ಹಾಕಿದೆ, ಕಲೆಯನ್ನು ಹಾಗೆಯೇ ಬಿಟ್ಟೆ. ಅಲ್ಲಾಡುವ ಕಾಲಿನ ಕೂಡುವಿಕೆಯನ್ನು ಬಿಡಿಸಿ, ಹಳೆಯ ಅಂಟನ್ನು ಕೆರೆದು, ಹೊಸ ಅಂಟು ಹಾಕಿ, ಹಗ್ಗದಿಂದ ಬಿಗಿದು ಒಂದು ದಿನ ಇಟ್ಟದ್ದಷ್ಟೇ. ಅದು ಇಂದಿಗೂ ಗಟ್ಟಿಯಾಗಿದೆ.

ಪಾಲಿಶ್‌ಗೆ ನಾನು ಆರಿಸಿದ್ದು ಅರಗನ್ನು. ಅರಗಿನ ಹುಳು ಮರದ ಕೊಂಬೆಗಳ ಮೇಲೆ ಸ್ರವಿಸುವ ಅಂಟನ್ನು ಶುದ್ಧಮಾಡಿ ಚಕ್ಕೆಯ ರೂಪದಲ್ಲಿ ಮಾರುತ್ತಾರೆ. ಒಂದು ಲೀಟರ್ ಪಾಲಿಶ್ ಸ್ಪಿರಿಟ್‌ಗೆ 150 ಗ್ರಾಂ ಚಕ್ಕೆ ಹಾಕಿ ರಾತ್ರಿಯಿಡೀ ಕರಗಲು ಬಿಟ್ಟು, ಸೋಸಿ, ಹಳೆಯ ಹತ್ತಿಬಟ್ಟೆಯ ಉಂಡೆಯಿಂದ ತೆಳ್ಳಗೆ ಸವರುತ್ತ ಹೋಗಬೇಕು. ಇದಕ್ಕೆ ಬಿಸಿ ಪಾತ್ರೆ ತಾಗಿದರೆ, ನೀರು ನಿಂತರೆ ಬಿಳಿ ಕಲೆಯಾಗುತ್ತದೆ ಎಂಬುದು ನಿಜ. ಊಟದ ಮೇಜಿಗೆ, ಅಡುಗೆಕಟ್ಟೆಯ ಹಲಗೆಗೆ ಇದು ತಕ್ಕದ್ದಲ್ಲ. ಅಲ್ಲಿ ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ ವಾರ್ನಿಶ್ ಹಾಕುವವರನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅರಗಿನ ದೊಡ್ಡ ಗುಣವೆಂದರೆ ಹೊಸ ಲೇಪದ ಸ್ಪಿರಿಟ್ ಹಳೆಯ ಲೇಪವನ್ನು ಕರಗಿಸಿ ಅದರೊಂದಿಗೆ ಒಂದಾಗುತ್ತದೆ. ಹಾಳಾದ ಅಂಗೈಯಗಲದ ಜಾಗವನ್ನಷ್ಟೇ ಸರಿಪಡಿಸಿದರೂ ಗುರುತು ಕಾಣುವುದಿಲ್ಲ.

ಕಾಲ ಮಾತ್ರ ಮುಖ್ಯ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಅರಗು ಸವರಿದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ನಮ್ಮ ಕಡೆಗೆ ದೀಪಾವಳಿ ಕಳೆದ ಮೇಲಿನಿಂದ ಶಿವರಾತ್ರಿಯವರೆಗಿನ ಅವಧಿ ಇದಕ್ಕೆ ಒಳ್ಳೆಯದು, ಅದೂ ಬಿಸಿಲೇರಿದ ಮೇಲೆ. ಅರಗಿನ ಬದಲು ಅಗಸೆ ಎಣ್ಣೆ ಬಳಸುವವರು ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಬಿಡಿಸಿ ಒಣಗಿಸಿಯೇ ಎಸೆಯಬೇಕು.

ಅಂಟು, ಕಾಗದ, ಚಕ್ಕೆ, ಸ್ಪಿರಿಟ್, ತಿರುಪು ಎಲ್ಲ ಸೇರಿ ನನಗೆ ತಗುಲಿದ್ದು 1,400 ರೂಪಾಯಿಗಿಂತ ಕಡಿಮೆ. ಹಾಳಾದ ಕಪಾಟಿಗೆ ಇದರ ನಾಲ್ಕರಷ್ಟು ಕೊಟ್ಟಿದ್ದೆವು.

ಗೋಡೆಗೂ ಇದೇ ಮಾತು ಸಲ್ಲುತ್ತದೆ. ಚಿರೆಕಲ್ಲಿನ ಹಳೆಯ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದವರ ಮನೆಯಲ್ಲಿ ಮಳೆಗಾಲ ಮುಗಿಯುತ್ತಲೇ ಗುಳ್ಳೆಗಳೇಳುವುದನ್ನು ನೀವೂ ನೋಡಿರುತ್ತೀರಿ. ಸುಣ್ಣ ಗೋಡೆಯ ತೇವವನ್ನು ಹೊರಬಿಡುತ್ತದೆ, ಮತ್ತು ಅದನ್ನು ಚೌತಿಗೆ ಮೊದಲು ಮನೆಯವರೇ ಬಳಿಯಬಹುದು. ಅಲಂಕಾರ ಬೇಕೆಂದರೆ ಕೆಮ್ಮಣ್ಣು ಸಾರಿಸಿ ಶೇಡಿಯಿಂದ, ಅಂದರೆ ಬಿಳಿ ಜೇಡಿಮಣ್ಣಿನಿಂದ, ಬರೆಯುವುದನ್ನು ಬಲ್ಲ ಅಜ್ಜಿಯಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಅದು ಹಸಿಯಿರುವಾಗಲೇ ಕೆರೆದು ಒಳಗಿನ ಬಿಳುಪಿನಲ್ಲಿ ಚಿತ್ರ ಮೂಡಿಸುವ ಕಾವಿ ಕಲೆ ನಮ್ಮ ಜಿಲ್ಲೆಯ ದೇವಸ್ಥಾನಗಳ ಗೋಡೆಗಳಲ್ಲಿದೆ. ಅದರ ಒಂದು ಬಳ್ಳಿಯನ್ನು ಬಾಗಿಲ ಮೇಲೆ ಬರೆದುಕೊಂಡರೆ ಅಂಗಡಿಯ ಸ್ಟಿಕ್ಕರ್ ಬೇಕಾಗುವುದಿಲ್ಲ.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ದಾರಿಬದಿಯ ಮನೆಗಳು ಹೋದಾಗ ಅವುಗಳ ಬಾಗಿಲು, ಕಿಟಕಿ, ತೊಲೆಗಳು ಗುಜರಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥ ಮರ ಇಂದು ಸಿಗುವುದು ಕಷ್ಟ. ಗುಜರಿಯಲ್ಲಿ ಒಂದು ಹಳೆಯ ಕಿಟಕಿಯ ಚೌಕಟ್ಟು ಸಿಕ್ಕರೆ ತಂದು ಕನ್ನಡಿ ಕೂರಿಸಿ. ಆದರೆ ಮನೆಯೊಳಗೆ ತರುವ ಮುನ್ನ ಅಂಗಳದ ಬಿಸಿಲಿನಲ್ಲಿ ಬಿಳಿ ಕಾಗದದ ಮೇಲೆ ಒಂದು ವಾರ ಇಡಿ. ಕಾಗದದ ಮೇಲೆ ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಒಳಗೆ ಮರ ಕೊರೆಯುವ ಕುಟ್ಟೆ ಹುಳು ಇನ್ನೂ ಜೀವಂತವಾಗಿದೆಯೆಂದು ಅರ್ಥ, ಅದಕ್ಕೆ ಮದ್ದು ಮಾಡಿಸದೆ ಒಳಗೆ ತರಬೇಡಿ.

ಕಳೆದ ತಿಂಗಳು ಅತ್ತೆ ಬಿಸಿ ಕಷಾಯದ ಲೋಟವನ್ನು ಆ ಮೇಜಿನ ಮೇಲೆ ಇಟ್ಟು ಬಿಳಿ ಉಂಗುರವೊಂದು ಮೂಡಿತು. ಅವರು ಬಹಳ ನೊಂದುಕೊಂಡರು. “ಅತ್ತೇ, ಒಂದ್ ನಿಮಿಷ ಕೂತ್ಕಳಿ,” ಎಂದು ಬಟ್ಟೆಯ ಉಂಡೆಗೆ ನಾಲ್ಕು ಹನಿ ಸ್ಪಿರಿಟ್ ಹಾಕಿ ಅವರ ಎದುರೇ ಸವರಿದೆ. ಕಲೆ ಹೋದದ್ದನ್ನು ನೋಡಿದ ಅವರು ಈಗ ತಮ್ಮ ಕೋಣೆಯ ಪೆಟ್ಟಿಗೆಯ ಪೇಂಟನ್ನೂ ತೆಗೆದುಕೊಡಲು ಹೇಳಿದ್ದಾರೆ. ದೀಪಾವಳಿ ಕಳೆಯಲೆಂದು ಕಾಯುತ್ತಿದ್ದೇನೆ.